ಬಲವಾಗಿ ಊದದೆ ಶ್ವಾಸಕೋಶಗಳನ್ನು ಅಳೆಯುವ ಬಗೆ

ಮನುಷ್ಯನು ಆಹಾರವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಿರಬಲ್ಲನು. ಉಸಿರಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ಹೀಗಿದ್ದರೂ ಉಸಿರಾಟದ ತೊಂದರೆಯನ್ನು ನಾವು ಬಹುಕಾಲ ಅಲಕ್ಷಿಸುತ್ತೇವೆ. ದಿಬ್ಬ ಏರುವಾಗ ದಮ್ಮು ಬಂದರೆ "ವಯಸ್ಸಾಯಿತು" ಎನ್ನುತ್ತೇವೆ. ಬೆಳಗಿನ ಕೆಮ್ಮನ್ನು "ಬೀಡಿ ಕೆಮ್ಮು" ಎಂದು ತಳ್ಳಿಹಾಕುತ್ತೇವೆ. ಒಲೆಯ ಮುಂದೆ ಕುಳಿತು ಕೆಮ್ಮುವ ತಾಯಿಯ ಕೆಮ್ಮು ಮನೆಯವರ ಕಿವಿಗೆ ಬೀಳುವುದೇ ಇಲ್ಲ.

ಕೆಲವು ಕಾಲದ ಹಿಂದೆ ಹೋಳೂರು ಹೋಬಳಿಯ ಒಂದು ಹಳ್ಳಿಯಿಂದ ಸುಮಾರು ಅರವತ್ತು ವರ್ಷ ವಯಸ್ಸಿನ ತಾಯಿಯೊಬ್ಬರನ್ನು ಅವರ ಮಗನು ನನ್ನಲ್ಲಿಗೆ ಕರೆತಂದನು. ಅವನ ಕೈಯಲ್ಲಿ ಬೇರೊಂದು ಕಡೆ ಮಾಡಿಸಿದ್ದ ಉಸಿರಿನ ಪರೀಕ್ಷೆಯ ಕಾಗದವಿತ್ತು. ಅದರ ಕೊನೆಯಲ್ಲಿ "ರೋಗಿಯ ಪ್ರಯತ್ನ ಸಾಲದು" ಎಂದು ಬರೆದಿತ್ತು. ಮಗನು ಅದನ್ನು ಬೇರೆಯೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದನು. "ಅಮ್ಮನಿಗೆ ಏನೂ ಇಲ್ಲ ಸಾರ್, ಸರಿಯಾಗಿ ಊದಲೇ ಇಲ್ಲ ಅಂತ ಅಲ್ಲೇ ಬರೆದಿದ್ದಾರೆ. ಮನೆಯಲ್ಲೂ ಹೀಗೇ, ಕೆಲಸ ಅಂದರೆ ದಮ್ಮು ಅಂತಾರೆ" ಎಂದನು. ಆ ತಾಯಿ ತಲೆಯೆತ್ತದೆ ಹೇಳಿದರು: "ಊದು ಊದು ಅಂತ ಕೂಗಿದರು ಸ್ವಾಮಿ. ಊದೋಕೆ ಉಸಿರಿದ್ದಿದ್ದರೆ ನಾನು ಆಸ್ಪತ್ರೆಗೆ ಯಾಕೆ ಬರುತ್ತಿದ್ದೆ?"

ಈ ಪ್ರಶ್ನೆ ನ್ಯಾಯವಾದುದು. ಪರೀಕ್ಷೆ ಸರಿಯಾಗಿ ಆಗಲಿಲ್ಲವೆಂದರೆ ರೋಗವಿಲ್ಲವೆಂದು ಅರ್ಥವಲ್ಲ. ರೋಗಿಯು ಬಲವಾಗಿ ಊದಲಾರದಿದ್ದರೂ ಅವನ ಶ್ವಾಸಕೋಶಗಳ ಸ್ಥಿತಿಯನ್ನು ತಿಳಿಯುವ ಪರೀಕ್ಷೆಗಳು ಇಂದು ಇವೆ. ಅವು ಯಾವುವು, ಹೇಗೆ ಕೆಲಸ ಮಾಡುತ್ತವೆ, ಯಾರಿಗೆ ಬೇಕು ಎಂಬುದನ್ನು ಓದುಗರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಶ್ವಾಸಕೋಶಗಳ ರಚನೆ

ಕತ್ತಿನಿಂದ ಎದೆಗೆ ಇಳಿಯುವ ಮುಖ್ಯ ಶ್ವಾಸನಾಳವು ಎರಡಾಗಿ ಕವಲೊಡೆದು, ಆ ಕವಲುಗಳು ಮತ್ತೆ ಮತ್ತೆ ಎರಡಾಗುತ್ತ, ಸುಮಾರು 23 ಬಾರಿ ಕವಲೊಡೆಯುತ್ತವೆ. ತಲೆಕೆಳಗಾದ ಮರವೊಂದನ್ನು ನೆನೆಸಿಕೊಂಡರೆ ಈ ರಚನೆಯು ತಿಳಿಯುತ್ತದೆ. ಕೊನೆಯ ಕಿರುರೆಂಬೆಗಳ ತುದಿಯಲ್ಲಿ ಎಲೆಗಳಂತೆ ವಾಯುಕೋಶಗಳಿವೆ. ಇವುಗಳ ಸಂಖ್ಯೆ ಮೂವತ್ತು ಕೋಟಿಗೂ ಹೆಚ್ಚು. ಇವುಗಳ ತೆಳುವಾದ ಗೋಡೆಯ ಮೂಲಕವೇ ಆಮ್ಲಜನಕವು ರಕ್ತಕ್ಕೆ ಸೇರುತ್ತದೆ, ಇಂಗಾಲಾಮ್ಲವು ಹೊರಬರುತ್ತದೆ.

ಎರಡು ಮಿಲಿಮೀಟರಿಗಿಂತ ಕಿರಿದಾದ ನಾಳಗಳನ್ನು ಕಿರುನಾಳಗಳೆನ್ನೋಣ. ಒಂದೊಂದೂ ಬಹಳ ಕಿರಿದಾದರೂ ಅವುಗಳ ಸಂಖ್ಯೆ ಅಪಾರವಾದುದರಿಂದ ಒಟ್ಟಿನಲ್ಲಿ ಗಾಳಿಗೆ ಅಲ್ಲಿ ವಿಶಾಲವಾದ ದಾರಿ ದೊರೆಯುತ್ತದೆ. ಆದುದರಿಂದ ಅವುಗಳಲ್ಲಿ ಎಷ್ಟೋ ಕೆಟ್ಟುಹೋದರೂ ಮೊದಮೊದಲು ಯಾವ ತೊಂದರೆಯೂ ಕಾಣದು. ಈ ಕಾರಣದಿಂದಲೇ ವೈದ್ಯರು ಇದನ್ನು ಶ್ವಾಸಕೋಶದ ಮೌನ ಪ್ರದೇಶವೆಂದು ಕರೆದಿದ್ದಾರೆ. ಹೊಗೆ ಮತ್ತು ದೂಳಿನಿಂದ ಬರುವ ದೀರ್ಘಕಾಲದ ರೋಗವು ಸಾಮಾನ್ಯವಾಗಿ ಈ ಮೌನ ಪ್ರದೇಶದಲ್ಲಿ ಆರಂಭವಾಗುತ್ತದೆ. ರೋಗಿಗೆ ದಮ್ಮು ಕಾಣಿಸಿಕೊಳ್ಳುವ ವೇಳೆಗೆ ಹಾನಿಯು ಬಹಳ ಮುಂದುವರಿದಿರುತ್ತದೆ.

ಊದುವ ಪರೀಕ್ಷೆ

ಉಸಿರನ್ನು ಅಳೆಯುವ ಉಪಕರಣವನ್ನು 1846ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ ಲೋಕಕ್ಕೆ ಪರಿಚಯಿಸಿದನು. ಅದಕ್ಕೆ ಸ್ಪೈರೋಮೀಟರ್ ಎಂದು ಹೆಸರು. ರೋಗಿಯು ಎದೆ ತುಂಬ ಉಸಿರೆಳೆದು, ಕೊಳವೆಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿದು, ತನ್ನ ಶಕ್ತಿಯನ್ನೆಲ್ಲ ಹಾಕಿ ಒಮ್ಮೆಲೇ ಊದಿ, ಗಾಳಿ ಬರಿದಾಗುವವರೆಗೆ ಊದುತ್ತಲೇ ಇರಬೇಕು. ದೊಡ್ಡವರಿಗೆ ಇದಕ್ಕೆ ಆರು ಸೆಕೆಂಡುಗಳಾದರೂ ಬೇಕಾಗುವುದುಂಟು. ಒಪ್ಪತಕ್ಕ ಮೂರು ಊದುಗಳಾದರೂ ದೊರೆಯುವವರೆಗೆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುತ್ತಾರೆ.

ಮೊದಲನೆಯ ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಹೊರಬಂದ ಗಾಳಿಯೊಡನೆ ಹೋಲಿಸಿದಾಗ ನಾಳಗಳಲ್ಲಿ ಅಡಚಣೆ ಇದೆಯೇ ಎಂಬುದು ತಿಳಿಯುತ್ತದೆ. ನಾಳಗಳನ್ನು ಹಿಗ್ಗಿಸುವ ಔಷಧಿ ಕೊಟ್ಟ ನಂತರವೂ ಇದು ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ಅಡಚಣೆಯಿದೆ ಎಂದರ್ಥ. ಅನಂತರ ಮೊದಲ ಸೆಕೆಂಡಿನ ಗಾಳಿಯನ್ನು ಅದೇ ವಯಸ್ಸು, ಎತ್ತರಗಳ ಆರೋಗ್ಯವಂತರಲ್ಲಿ ನಿರೀಕ್ಷಿಸುವ ಪ್ರಮಾಣದೊಡನೆ ಹೋಲಿಸುತ್ತಾರೆ. ಅದು ನೂರಕ್ಕೆ 80 ಅಥವಾ ಹೆಚ್ಚು ಇದ್ದರೆ ಅಡಚಣೆ ಅಲ್ಪ, 50ರಿಂದ 79 ಮಧ್ಯಮ, 30ರಿಂದ 49 ತೀವ್ರ, 30ಕ್ಕಿಂತ ಕಡಿಮೆ ಅತಿ ತೀವ್ರ.

ಇದು ಬಹಳ ಉಪಯುಕ್ತವಾದ ಪರೀಕ್ಷೆ. ದೀರ್ಘಕಾಲದ ಅಡಚಣೆಯ ರೋಗವನ್ನು ನಿರ್ಧರಿಸಲು ಇಂದಿಗೂ ಇದೇ ಆಧಾರ. ಆದರೆ ಇದರ ಫಲಿತಾಂಶವು ಮೂರು ಜನರನ್ನು ಅವಲಂಬಿಸಿದೆ: ಊದುವವರು, ಊದಿಸುವವರು ಮತ್ತು ಫಲಿತಾಂಶವನ್ನು ಓದುವವರು. ಊದುವವರು ಆರು ವರ್ಷಕ್ಕಿಂತ ಚಿಕ್ಕ ಮಗುವಾಗಿರಬಹುದು, ಪಾರ್ಶ್ವವಾಯುವಿನಿಂದ ತುಟಿ ಬಿಗಿಯಲಾಗದ ವೃದ್ಧರಾಗಿರಬಹುದು, ಊದಿದೊಡನೆ ಕೆಮ್ಮು ಒತ್ತರಿಸಿ ಬರುವ ರೋಗಿಯಾಗಿರಬಹುದು. ಇತ್ತೀಚೆಗೆ ಹೃದಯಾಘಾತವಾದವರು, ಕಣ್ಣಿನ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಬಲವಾಗಿ ಊದುವುದು ಅಪಾಯಕರ.

ಭಾಷೆಯ ತೊಡಕೂ ಸಣ್ಣದಲ್ಲ. ನಮ್ಮ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಚಿನ್ನದ ಗಣಿಯ ಕಡೆಯವರ ಮಾತು ತಮಿಳು. ಇಂಗ್ಲಿಷ್ ಬೆರೆತ ಕನ್ನಡದಲ್ಲಿ ಅವಸರದಿಂದ ಹೇಳಿದ ಸೂಚನೆಯು ಅವರಿಗೆ ಅರ್ಥವಾಗದೆ ಹೋದರೆ, ತಪ್ಪು ಅವರ ಶ್ವಾಸಕೋಶದ್ದೂ ಅಲ್ಲ, ಪ್ರಯತ್ನದ್ದೂ ಅಲ್ಲ.

ಹೆಚ್ಚು ಬಲವೆಂದರೆ ಹೆಚ್ಚು ಗಾಳಿಯಲ್ಲ

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಗಮನಿಸಬೇಕು. ಕಮ್ಮಾರನ ತಿದಿಯನ್ನು ಎಷ್ಟು ಬಲವಾಗಿ ಒತ್ತಿದರೆ ಅಷ್ಟು ಗಾಳಿ ಬರುತ್ತದೆ, ಏಕೆಂದರೆ ತಿದಿಯ ಮೂತಿ ಗಟ್ಟಿಯಾದ ಕೊಳವೆ. ಶ್ವಾಸಕೋಶದ ಕಿರುನಾಳಗಳು ಹಾಗಲ್ಲ. ಅವು ಮೆತ್ತಗಿನ ನಾಳಗಳು, ಮತ್ತು ಅವು ಇರುವುದು ತಿದಿಯ ಒಳಗೇ. ನಾವು ಎದೆಯನ್ನು ಬಲವಾಗಿ ಒತ್ತಿದಾಗ ಆ ಒತ್ತಡವು ವಾಯುಕೋಶಗಳ ಮೇಲೆ ಬೀಳುವಂತೆಯೇ ನಾಳಗಳ ಮೇಲೂ ಬೀಳುತ್ತದೆ. ನಾಳಗಳು ಅಮುಕಿ ಕಿರಿದಾಗುತ್ತವೆ. ಆದುದರಿಂದ ಊದುವಿಕೆಯ ಆರಂಭದ ಭಾಗ ಮಾತ್ರ ನಮ್ಮ ಬಲವನ್ನು ಅವಲಂಬಿಸಿದೆ. ಅನಂತರದ ಭಾಗದಲ್ಲಿ ಎಷ್ಟು ಬಲ ಹಾಕಿದರೂ ಗಾಳಿಯ ವೇಗವು ಒಂದು ಮಿತಿಯನ್ನು ದಾಟದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಹಯಾಟ್ ಮತ್ತು ಫ್ರೈ ಎಂಬ ವೈದ್ಯರು ಇದನ್ನು ಅಳತೆಗಳಿಂದ ತೋರಿಸಿದರು.

ರೋಗದಿಂದ ಸಡಿಲಗೊಂಡ ಶ್ವಾಸಕೋಶದಲ್ಲಿ ಈ ಮಿತಿಯು ಇನ್ನೂ ಬೇಗನೆ ಬರುತ್ತದೆ. ಕೆಲವರಲ್ಲಿ ಸಹಜವಾಗಿ ಉಸಿರು ಬಿಡುವಾಗಲೇ ನಾಳಗಳು ಕುಸಿಯುತ್ತವೆ. ಗಾಳಿಯು ಒಳಗೆ ಸಿಕ್ಕಿಹಾಕಿಕೊಂಡು ಎದೆ ಉಬ್ಬಿದಂತಾಗುತ್ತದೆ. ಅಂತಹ ರೋಗಿಗೆ "ಇನ್ನೂ ಜೋರಾಗಿ ಊದಿ" ಎಂದು ಹೇಳುವುದರಿಂದ ಹೆಚ್ಚು ಗಾಳಿ ಬಾರದು, ಆಯಾಸ ಮಾತ್ರ ಹೆಚ್ಚುತ್ತದೆ. ಅವರಿಗೆ ಹೇಳಿಕೊಡಬೇಕಾದುದು ಇದಕ್ಕೆ ವಿರುದ್ಧವಾದ ಕ್ರಮ: ಮೂಗಿನಿಂದ ಉಸಿರೆಳೆದು, ಬಿಸಿ ಗಂಜಿಯನ್ನು ಆರಿಸುವಂತೆ ತುಟಿಗಳನ್ನು ಕಿರಿದುಮಾಡಿ, ಎಳೆದುದಕ್ಕಿಂತ ಎರಡರಷ್ಟು ಹೊತ್ತು ಮೆಲ್ಲಗೆ ಬಿಡುವುದು. ಹೀಗೆ ಮಾಡಿದಾಗ ನಾಳಗಳ ಒಳಗಿನ ಒತ್ತಡವು ಉಳಿದು ಅವು ಬೇಗ ಕುಸಿಯುವುದಿಲ್ಲ. ಇದಕ್ಕೆ ಖರ್ಚಿಲ್ಲ, ಯಾರು ಬೇಕಾದರೂ ಅಭ್ಯಾಸ ಮಾಡಬಹುದು.

ಊದದೆ ಮಾಡುವ ಪರೀಕ್ಷೆಗಳು

ಕುಂಬಾರರಲ್ಲಿ ಮಡಕೆ ಕೊಳ್ಳುವಾಗ ನಾವು ಬೆರಳಿನಿಂದ ತಟ್ಟಿ ನೋಡುತ್ತೇವೆ. ಅದು ಕೊಡುವ ನಾದದಿಂದಲೇ ಗಟ್ಟಿಯೇ, ಬಿರುಕೇ ಎಂಬುದು ತಿಳಿಯುತ್ತದೆ. ಮಡಕೆಯು ಯಾವ ಪ್ರಯತ್ನವನ್ನೂ ಮಾಡಬೇಕಾಗಿಲ್ಲ. ಆಸಿಲೋಮೆಟ್ರಿ ಎಂಬ ಪರೀಕ್ಷೆಯ ತತ್ತ್ವವೂ ಇಂತಹುದೇ. 1956ರಲ್ಲಿ ಅಮೆರಿಕದ ಆರ್ಥರ್ ಡುಬಾಯ್ಸ್ ಮತ್ತು ಸಂಗಡಿಗರು ಈ ವಿಧಾನವನ್ನು ವಿವರಿಸಿದರು. ಯುರೋಪಿನ ಶ್ವಾಸಕೋಶ ವೈದ್ಯರ ಸಂಘವು 2020ರಲ್ಲಿ ಇದನ್ನು ಮಾಡುವ ಕ್ರಮದ ಬಗ್ಗೆ ವಿವರವಾದ ನಿಯಮಗಳನ್ನು ಪ್ರಕಟಿಸಿತು.

ರೋಗಿಯು ನೆಟ್ಟಗೆ ಕುಳಿತು, ಮೂಗಿಗೆ ಚಿಮಟ ಹಾಕಿಕೊಂಡು, ಎರಡು ಅಂಗೈಗಳಿಂದ ಕೆನ್ನೆಗಳನ್ನು ಒತ್ತಿ ಹಿಡಿದು, ಕೊಳವೆಯ ಮೂಲಕ ಎಂದಿನಂತೆ ಉಸಿರಾಡುತ್ತಿದ್ದರೆ ಸಾಕು. ಯಂತ್ರವು ಆ ಉಸಿರಿನ ಮೇಲೆ ಸಣ್ಣ ಒತ್ತಡದ ಅಲೆಗಳನ್ನು ಕಳುಹಿಸುತ್ತದೆ. ರೋಗಿಗೆ ಬಾಯಲ್ಲಿ ಸ್ವಲ್ಪ ಕಂಪನದ ಅನುಭವವಾಗಬಹುದು, ನೋವಿಲ್ಲ. ಸುಮಾರು ಅರ್ಧ ನಿಮಿಷದ ಅಳತೆಯನ್ನು ಮೂರು ಬಾರಿ ತೆಗೆದುಕೊಳ್ಳುತ್ತಾರೆ. ಕೆನ್ನೆಗಳನ್ನು ಹಿಡಿಯಲು ಹೇಳುವುದು ಅಲೆಗಳು ಕೆನ್ನೆಯಲ್ಲೇ ಕುಣಿದು ವ್ಯರ್ಥವಾಗದಿರಲೆಂದು.

ಸೆಕೆಂಡಿಗೆ 5 ಬಾರಿ ಬಡಿಯುವ ನಿಧಾನದ ಅಲೆಗಳು ಆಳದ ಕಿರುನಾಳಗಳವರೆಗೂ ಹೋಗುತ್ತವೆ. ಸೆಕೆಂಡಿಗೆ 20 ಬಾರಿ ಬಡಿಯುವ ಅಲೆಗಳು ಹೆಚ್ಚಾಗಿ ದೊಡ್ಡ ನಾಳಗಳ ಸ್ಥಿತಿಯನ್ನು ತಿಳಿಸುತ್ತವೆ. ಮೊದಲನೆಯದರ ತಡೆಯಿಂದ ಎರಡನೆಯದರ ತಡೆಯನ್ನು ಕಳೆದರೆ ಕಿರುನಾಳಗಳ ಸ್ಥಿತಿಯ ಅಂದಾಜು ದೊರೆಯುತ್ತದೆ. ಹಿಂದೆ ಹೇಳಿದ ಮೌನ ಪ್ರದೇಶವನ್ನು ಹೀಗೆ ಮಾತನಾಡಿಸಬಹುದು. ಇದಲ್ಲದೆ ಶ್ವಾಸಕೋಶದ ಪುಟಿತ, ಅಂದರೆ ಹಿಗ್ಗಿ ಮತ್ತೆ ಮೊದಲಿನಂತಾಗುವ ಗುಣ ಎಷ್ಟು ಉಳಿದಿದೆ ಎಂಬುದನ್ನೂ ಯಂತ್ರವು ಇನ್ನೊಂದು ಸಂಖ್ಯೆಯಲ್ಲಿ ತೋರಿಸುತ್ತದೆ. ಉಸಿರೆಳೆಯುವಾಗ ಮತ್ತು ಬಿಡುವಾಗ ಈ ಸಂಖ್ಯೆಯಲ್ಲಿ ಬಹಳ ಅಂತರವಿದ್ದರೆ, ಬಿಡುವಾಗ ನಾಳಗಳು ಕುಸಿಯುತ್ತಿವೆ ಎಂದು ತಿಳಿಯಬಹುದು. ರೋಗದ ತೀವ್ರತೆಯನ್ನು ಅರಿಯಲು ಇದು ಮುಖ್ಯ ಸುಳಿವು.

ಔಷಧಿ ಕೊಟ್ಟ ನಂತರ ಪರೀಕ್ಷೆಯನ್ನು ಪುನಃ ಮಾಡಿ, ತಡೆಯು ನೂರಕ್ಕೆ 40ರಷ್ಟು ಇಳಿದರೆ ಔಷಧಿಯಿಂದ ನಾಳಗಳು ತೆರೆದುಕೊಂಡಿವೆ ಎಂದು ಪರಿಗಣಿಸುತ್ತಾರೆ. ಮೂರು ವರ್ಷದ ಮಗುವನ್ನೂ ತಾಯಿಯ ಬಳಿ ಕೂರಿಸಿಕೊಂಡು ಈ ಪರೀಕ್ಷೆಯನ್ನು ಮಾಡಬಹುದು.

ಇಂತಹ ಇನ್ನೂ ಕೆಲವು ಪರೀಕ್ಷೆಗಳಿವೆ. ಡೆನ್ಮಾರ್ಕಿನ ಮರೀ ಕ್ರೋ ಎಂಬ ವೈದ್ಯೆಯು 1915ರಲ್ಲಿ ವಿವರಿಸಿದ ತತ್ತ್ವವನ್ನು ಆಧರಿಸಿದ ಅನಿಲ ವರ್ಗಾವಣೆ ಪರೀಕ್ಷೆಯು ಇವುಗಳಲ್ಲಿ ಒಂದು. ಅತ್ಯಲ್ಪ ಪ್ರಮಾಣದ ಕಾರ್ಬನ್ ಮಾನಾಕ್ಸೈಡ್ ಬೆರೆತ ಗಾಳಿಯನ್ನು ಪೂರ್ತಿಯಾಗಿ ಒಳಗೆಳೆದು, ಸುಮಾರು ಹತ್ತು ಸೆಕೆಂಡು ಹಿಡಿದು, ಸಹಜವಾಗಿ ಬಿಡಬೇಕು. ಎಷ್ಟು ಅನಿಲವು ರಕ್ತಕ್ಕೆ ಸೇರಿತೆಂಬುದರಿಂದ ವಾಯುಕೋಶಗಳ ಗೋಡೆ ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ. ಬಳಸುವ ಪ್ರಮಾಣದಿಂದ ಹಾನಿಯಿಲ್ಲ. ಉಸಿರನ್ನು ಹಿಡಿಯಬಲ್ಲವರಿಗೆ ಮಾತ್ರ ಇದು ಸಾಧ್ಯ.

ಗಾಜಿನ ಗೋಡೆಯ ಸಣ್ಣ ಕೋಣೆಯಲ್ಲಿ ಕೂರಿಸಿ ಮಾಡುವ ಪರೀಕ್ಷೆಯಿಂದ ಎದೆಯೊಳಗೆ ಸಿಕ್ಕಿಹಾಕಿಕೊಂಡ ಗಾಳಿಯ ಪ್ರಮಾಣ ತಿಳಿಯುತ್ತದೆ. ಇನ್ನೊಂದು ಬಗೆಯಲ್ಲಿ ರೋಗಿಯು ಶುದ್ಧ ಆಮ್ಲಜನಕವನ್ನು ಉಸಿರಾಡುತ್ತಾ ಹೋದಂತೆ ಶ್ವಾಸಕೋಶದಲ್ಲಿದ್ದ ಸಾರಜನಕವು ತೊಳೆದುಹೋಗುತ್ತದೆ. ಆರಂಭದ ಪ್ರಮಾಣದ ನಲವತ್ತರಲ್ಲಿ ಒಂದು ಭಾಗಕ್ಕೆ ಇಳಿಯಲು ಎಷ್ಟು ಗಾಳಿ ಬೇಕಾಯಿತೆಂದು ಲೆಕ್ಕ ಹಾಕಿದರೆ, ಗಾಳಿಯು ಎಲ್ಲ ಮೂಲೆಗಳಿಗೂ ಸಮವಾಗಿ ಹೋಗುತ್ತಿದೆಯೇ ಎಂಬುದು ಗೊತ್ತಾಗುತ್ತದೆ.

ಕೊನೆಯದಾಗಿ, ಎಲ್ಲರಿಗೂ ಪರಿಚಿತವಾದ ಬೆರಳಿನ ಆಕ್ಸಿಮೀಟರ್. 1974ರಲ್ಲಿ ಜಪಾನಿನ ತಕುಓ ಅಓಯಾಗಿಯವರು ಇದರ ತತ್ತ್ವವನ್ನು ಪ್ರಕಟಪಡಿಸಿದರು. 2020ರ ಕೋವಿಡ್ ಕಾಲದಲ್ಲಿ ಇದು ಹಳ್ಳಿಯ ಮನೆಗಳಿಗೂ ಬಂದಿತು. ಇದು ನಾಳಗಳ ಅಡಚಣೆಯನ್ನು ಅಳೆಯುವುದಿಲ್ಲ; ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸುತ್ತದೆ. ಕುಳಿತಿರುವಾಗ ಒಮ್ಮೆ, ನಡೆದ ನಂತರ ಒಮ್ಮೆ ನೋಡಿದರೆ ಹೆಚ್ಚು ಉಪಯೋಗ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಳತೆ ತಪ್ಪಬಹುದು.

ಈ ಪರೀಕ್ಷೆಗಳು ಊದುವ ಪರೀಕ್ಷೆಗೆ ಬದಲಿಯಲ್ಲ, ಅದರ ಜೊತೆಗಾರರು. ಊದಬಲ್ಲವರಿಗೆ ಊದುವ ಪರೀಕ್ಷೆಯನ್ನು ಮಾಡಲೇಬೇಕು. ಎರಡನ್ನೂ ಮಾಡುವಾಗ ಆಸಿಲೋಮೆಟ್ರಿಯನ್ನು ಮೊದಲು ಮಾಡತಕ್ಕದ್ದು, ಏಕೆಂದರೆ ಆಳವಾದ ಉಸಿರು ನಾಳಗಳ ಸ್ಥಿತಿಯನ್ನು ಸ್ವಲ್ಪ ಬದಲಿಸುತ್ತದೆ.

ಚಿನ್ನದ ಗಣಿಯ ಪಾಠ

ನಮ್ಮ ಜಿಲ್ಲೆಯವರಿಗೆ ಶ್ವಾಸಕೋಶದ ರೋಗವು ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಕೈಗೆತ್ತಿಕೊಂಡ ಕೋಲಾರದ ಚಿನ್ನದ ಗಣಿಗಳಲ್ಲಿ, 2001ರ ಫೆಬ್ರವರಿ 28ರಂದು ಅವು ಮುಚ್ಚುವವರೆಗೆ, ತಲೆಮಾರುಗಳ ಕಾರ್ಮಿಕರು ಬೆಣಚುಕಲ್ಲನ್ನು ಕೊರೆದರು. ಆ ಕಲ್ಲಿನ ಕಣ್ಣಿಗೆ ಕಾಣದ ದೂಳು ವಾಯುಕೋಶಗಳಲ್ಲಿ ನೆಲೆಸಿ ಗಂಟುಗಳನ್ನು ಉಂಟುಮಾಡುತ್ತದೆ. ಇದೇ ಸಿಲಿಕೋಸಿಸ್. ಈ ಗಣಿಗಳ ಕಾರ್ಮಿಕರಲ್ಲಿ ಈ ರೋಗವು ವ್ಯಾಪಕವಾಗಿರುವುದು 1940ರ ದಶಕದಲ್ಲಿಯೇ ವೈದ್ಯಕೀಯ ತಪಾಸಣೆಗಳಿಂದ ದಾಖಲಾಯಿತು. ಒಮ್ಮೆ ಬಂದ ಸಿಲಿಕೋಸಿಸ್ ಗುಣವಾಗದು. ಕೆಲಸ ಬಿಟ್ಟ ನಂತರವೂ ಮುಂದುವರಿಯಬಹುದು. ಕ್ಷಯರೋಗಕ್ಕೆ ಹಾದಿ ಮಾಡಿಕೊಡುತ್ತದೆ.

ದೂಳಿನ ರೋಗಕ್ಕೆ ಪರಿಹಾರ ಕೇಳುವ ಕಾರ್ಮಿಕನ ಮುಂದೆ ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ: "ಇವನ ಉಸಿರಿನ ಶಕ್ತಿ ಎಷ್ಟು ಕುಂದಿದೆ?" ಊದುವ ಪರೀಕ್ಷೆಯೊಂದೇ ಇದ್ದರೆ, ಕಡಿಮೆ ಊದಿದವನನ್ನು "ಬೇಕೆಂದೇ ಊದಲಿಲ್ಲ" ಎಂದು ಸಂಶಯಪಡಲು ಅವಕಾಶವಿದೆ. ದಣಿದು ಊದಲಾರದವನು ಮತ್ತು ಊದಲು ಮನಸ್ಸಿಲ್ಲದವನು ಕಾಗದದ ಮೇಲೆ ಒಂದೇ ರೀತಿ ಕಂಡುಬಿಡಬಹುದು. ಎಕ್ಸ್-ರೇ, ಅನಿಲ ವರ್ಗಾವಣೆ ಪರೀಕ್ಷೆ, ಆಸಿಲೋಮೆಟ್ರಿ, ನಡೆದ ನಂತರದ ಆಮ್ಲಜನಕ ಇವುಗಳನ್ನು ಜೊತೆಗಿಟ್ಟು ನೋಡಿದಾಗ ಸತ್ಯವು ಹೊರಬರುತ್ತದೆ. ಪ್ರಯತ್ನವನ್ನು ಅವಲಂಬಿಸದ ಪರೀಕ್ಷೆಯು ಬಡ ಕಾರ್ಮಿಕನ ಪಾಲಿಗೆ ಸಾಕ್ಷಿಯಿದ್ದಂತೆ. ಕಲ್ಲು ಗಣಿ, ಜಲ್ಲಿ ಯಂತ್ರಗಳಲ್ಲಿ ದುಡಿಯುವವರು ತಾವು ಎಲ್ಲಿ, ಎಷ್ಟು ವರ್ಷ, ಯಾವ ಕೆಲಸ ಮಾಡಿದೆವೆಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಬೇಕು.

ಮನೆಯಲ್ಲಿಯೇ ತಿಳಿಯುವ ಬಗೆ

ಯಾವ ಯಂತ್ರವೂ ಇಲ್ಲದೆ ರೋಗದ ತೀವ್ರತೆಯನ್ನು ಅಂದಾಜು ಮಾಡುವ ಪ್ರಶ್ನಾವಳಿಯೊಂದನ್ನು 1950ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಫ್ಲೆಚರ್ ಮತ್ತು ಸಂಗಡಿಗರು ಸಿದ್ಧಪಡಿಸಿದರು. ಇಂದು ಬಳಕೆಯಲ್ಲಿರುವ ಅದರ ರೂಪ ಹೀಗಿದೆ:

ಸೊನ್ನೆ: ಕಠಿಣವಾದ ಶ್ರಮ ಮಾಡಿದಾಗ ಮಾತ್ರ ದಮ್ಮು.
ಒಂದು: ಬೇಗನೆ ನಡೆದಾಗ ಅಥವಾ ಸಣ್ಣ ದಿಬ್ಬ ಏರಿದಾಗ ದಮ್ಮು.
ಎರಡು: ಓರಗೆಯವರಿಗಿಂತ ನಿಧಾನವಾಗಿ ನಡೆಯಬೇಕಾಗುವುದು, ಅಥವಾ ತನ್ನ ನಡಿಗೆಯಲ್ಲೇ ನಿಂತು ಸುಧಾರಿಸಿಕೊಳ್ಳಬೇಕಾಗುವುದು.
ಮೂರು: ಸಮತಟ್ಟಾದ ದಾರಿಯಲ್ಲಿ 100 ಮೀಟರ್ ಅಥವಾ ಕೆಲವು ನಿಮಿಷ ನಡೆದ ಕೂಡಲೇ ನಿಲ್ಲಬೇಕಾಗುವುದು.
ನಾಲ್ಕು: ಮನೆಯಿಂದ ಹೊರಡಲಾಗದಿರುವುದು, ಸೀರೆ ಉಡುವಾಗ ಅಥವಾ ಬಟ್ಟೆ ಬದಲಿಸುವಾಗಲೇ ದಮ್ಮು ಬರುವುದು.

ಎರಡು ಅಥವಾ ಅದಕ್ಕಿಂತ ಹೆಚ್ಚಿನ ಅಂಕ ಬಂದವರು ತಡಮಾಡದೆ ವೈದ್ಯರನ್ನು ಕಾಣಬೇಕು. ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮಿದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಿ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತುಟಿ, ಉಗುರು ನೀಲಿಯಾದರೆ, ಮಾತು ಮುಗಿಸಲಾಗದಷ್ಟು ಏದುಸಿರು ಬಂದರೆ, ಮಂಪರು ಕವಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕುಳಿತಿರುವಾಗಲೂ ಆಕ್ಸಿಮೀಟರಿನ ಅಳತೆಯು 88 ಅಥವಾ ಅದಕ್ಕಿಂತ ಕಡಿಮೆ ಇರುವ ರೋಗಿಗೆ ಮನೆಯಲ್ಲಿ ಆಮ್ಲಜನಕ ಬೇಕಾಗಬಹುದು. ದಿನಕ್ಕೆ 15 ಗಂಟೆಯಾದರೂ ಆಮ್ಲಜನಕ ಪಡೆದರೆ ಇಂತಹ ರೋಗಿಗಳ ಆಯುಸ್ಸು ಹೆಚ್ಚುತ್ತದೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಪ್ರಸಿದ್ಧ ಅಧ್ಯಯನಗಳು ತೋರಿಸಿವೆ. ಆದರೆ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಈ ರೋಗದಲ್ಲಿ ಅತಿಯಾದ ಆಮ್ಲಜನಕವೂ ಅಪಾಯ. ಆಮ್ಲಜನಕವಿರುವ ಕೋಣೆಯಲ್ಲಿ ಒಲೆ, ದೀಪ, ಬೀಡಿ ಯಾವುದೂ ಇರಕೂಡದು.

ಪರೀಕ್ಷೆಗೆ ಹೋಗುವಾಗ

ಹೊಟ್ಟೆ ಬಿರಿಯುವಂತೆ ಉಂಡು ಹೋಗಬಾರದು. ಬೀಡಿ, ಸಿಗರೇಟು ಸೇದಿರಬಾರದು. ಎದೆ, ಸೊಂಟ ಬಿಗಿಯದ ಸಡಿಲವಾದ ಉಡುಪಿರಲಿ. ಉಪಯೋಗಿಸುತ್ತಿರುವ ಔಷಧಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಯಾವುದನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂಬುದನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿಯಿರಿ. ನಿಮ್ಮ ಮನೆಮಾತಿನಲ್ಲಿ ವಿವರಿಸುವಂತೆ ಕೇಳಲು ಸಂಕೋಚಪಡಬೇಡಿರಿ. ಊದಲು ಸಾಧ್ಯವಾಗದಿದ್ದರೆ "ಊದದೆ ಮಾಡುವ ಪರೀಕ್ಷೆ ಇದೆಯೇ?" ಎಂದು ಕೇಳಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ದೊಡ್ಡ ಯಂತ್ರಗಳನ್ನು ನಿರೀಕ್ಷಿಸಲಾಗದು. ಅಲ್ಲಿಯ ವೈದ್ಯಾಧಿಕಾರಿಗಳಿಂದ ಪತ್ರ ಪಡೆದು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಅಗತ್ಯವಾದರೆ ವೈದ್ಯಕೀಯ ಕಾಲೇಜುಗಳ ಶ್ವಾಸಕೋಶ ವಿಭಾಗಕ್ಕೋ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೋ ಅಲ್ಲಿಂದ ದಾರಿ ತೋರಿಸುತ್ತಾರೆ.

ಹೊಗೆಯ ಲೆಕ್ಕ

ಬೀಡಿ ಮುಟ್ಟದ ಸ್ತ್ರೀಯರಿಗೂ ಈ ರೋಗ ಏಕೆ ಬರುತ್ತದೆ? ಉತ್ತರವು ಅಡಿಗೆಮನೆಯಲ್ಲಿದೆ. ಮೈಸೂರು ಜಿಲ್ಲೆಯ ಗ್ರಾಮೀಣ ಸ್ತ್ರೀಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸರಳವಾದ ಲೆಕ್ಕವನ್ನು ಬಳಸಿತು: ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ವರ್ಷಗಳಿಂದ ಗುಣಿಸಬೇಕು. ಈ ಸಂಖ್ಯೆಯು 60ನ್ನು ಮುಟ್ಟಿದಾಗ ದೀರ್ಘಕಾಲದ ಕಫ ಕೆಮ್ಮಿನ ರೋಗವು ಗಮನಾರ್ಹವಾಗಿ ಹೆಚ್ಚುವುದು ಕಂಡುಬಂದಿತು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಅಡಿಗೆ ಮಾಡಿದರೆ 60 ಆಯಿತು. ನಾನು ಹೇಳಿದ ತಾಯಿಯು ನೀಲಗಿರಿ ಸೊಪ್ಪು, ಸೌದೆಗಳ ಒಲೆಯನ್ನು ಊದುಗೊಳವೆಯಿಂದ ಊದಿ ನಲವತ್ತು ವರ್ಷ ಮುದ್ದೆ ಬೇಯಿಸಿದ್ದರು. ಅವರ ಲೆಕ್ಕ 160.

2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅನೇಕ ಮನೆಗಳಿಗೆ ಗ್ಯಾಸ್ ಒಲೆ ಬಂದಿದೆ. ಆದರೆ ಅತಿಥಿಗಳು ಬಂದಾಗ ಕಾಫಿಗೆ ಮಾತ್ರ ಗ್ಯಾಸು, ನಿತ್ಯದ ಅಡಿಗೆ ಮತ್ತು ಸ್ನಾನದ ನೀರಿಗೆ ಸೌದೆಯೆಂದಾದರೆ ಪ್ರಯೋಜನ ಅಲ್ಪ. ಸೌದೆ ಒಲೆಯನ್ನು ಬಿಡಲಾಗದವರು ಹೊಗೆ ಹೊರಹೋಗುವ ಕೊಳವೆ ಹಾಕಿಸಿ, ಒಣಗಿದ ಸೌದೆಯನ್ನೇ ಬಳಸಿ, ಮಕ್ಕಳನ್ನು ಒಲೆಯಿಂದ ದೂರವಿಡಬೇಕು. ಬೀಡಿ ಬಿಡುವುದಕ್ಕಿಂತ ದೊಡ್ಡ ಔಷಧಿ ಇಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಕಲ್ಲು ಒಡೆಯುವಲ್ಲಿ ಕೆಲಸ ಮಾಡುವವರು ನೀರು ಚಿಮುಕಿಸಿ ದೂಳನ್ನು ಅಡಗಿಸುವಂತೆ ಮಾಲೀಕರನ್ನು ಒತ್ತಾಯಿಸಬೇಕು. ಟವಲನ್ನು ಮೂಗಿಗೆ ಕಟ್ಟಿದರೆ ಸೂಕ್ಷ್ಮ ದೂಳು ತಡೆಯದು. ಉಸಿರಿನ ಮೂಲಕ ಎಳೆದುಕೊಳ್ಳುವ ಇನ್‌ಹೇಲರ್ ಔಷಧಿಯು ಚಟವಾಗುತ್ತದೆಂಬ ಮಾತು ಸುಳ್ಳು. ಔಷಧಿಯು ನೇರವಾಗಿ ನಾಳಗಳಿಗೆ ಹೋಗುವುದರಿಂದ ಅಲ್ಪ ಪ್ರಮಾಣವೇ ಸಾಕಾಗುತ್ತದೆ.

ಮುಕ್ತಾಯ

ಆ ದಿನ ನಾನು ಆ ತಾಯಿಯ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ 93 ತೋರಿಸಿತು. ಮಗನ ಕೈಯಲ್ಲಿ ಆ ಉಪಕರಣವನ್ನು ಕೊಟ್ಟು, ತಾಯಿಯ ಜೊತೆಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆಯಲು ಹೇಳಿದೆನು. ನಾಲ್ಕನೆಯ ಸುತ್ತಿನಲ್ಲಿ ಅವರು ಗೋಡೆ ಹಿಡಿದು ನಿಂತರು. ಅಳತೆ 86ಕ್ಕೆ ಇಳಿದಿತ್ತು. ಅದನ್ನು ಓದಿದವನು ಮಗನೇ. ಅನಂತರ ವೈದ್ಯಕೀಯ ಕಾಲೇಜೊಂದರಲ್ಲಿ ಆಸಿಲೋಮೆಟ್ರಿ ಮಾಡಿಸಿದಾಗ, ಕಿರುನಾಳಗಳಲ್ಲಿ ಬಹಳ ತಡೆಯಿರುವುದೂ ಉಸಿರು ಬಿಡುವಾಗ ನಾಳಗಳು ಕುಸಿಯುತ್ತಿರುವುದೂ ಕಂಡುಬಂದವು. ಆ ತಾಯಿ ನೆಪ ಹೇಳುತ್ತಿರಲಿಲ್ಲ.

ಚಿಕಿತ್ಸೆಯಿಂದ ಅವರ ಶ್ವಾಸಕೋಶಗಳು ಹೊಸದಾಗಲಿಲ್ಲ, ಆಗುವುದೂ ಇಲ್ಲ. ಆದರೆ ಇನ್‌ಹೇಲರ್, ಉಸಿರಿನ ಅಭ್ಯಾಸ ಮತ್ತು ಹೊಗೆಯಿಲ್ಲದ ಅಡಿಗೆಮನೆಯಿಂದ ಅವರು ಈಗ ಮನೆಯಿಂದ ಹಾಲಿನ ಡೈರಿಯವರೆಗೆ ಒಮ್ಮೆ ಮಾತ್ರ ನಿಂತು ನಡೆದುಹೋಗುತ್ತಾರೆ. ಸೌದೆ ಹೊರುವ ಕೆಲಸವನ್ನು ಮಗನೇ ವಹಿಸಿಕೊಂಡಿದ್ದಾನೆ.

ನಿಮ್ಮ ಮನೆಯಲ್ಲಿಯೂ "ದಮ್ಮು" ಎಂದು ಹೇಳುವವರು ಇರಬಹುದು. ಅವರು ಮೂರು ಬಾರಿ ಊದಲಾರದೆ ಹೋದರೆಂದು ಅವರ ಮಾತನ್ನು ತಳ್ಳಿಹಾಕಬೇಡಿರಿ. ಅವರ ಜೊತೆಯಲ್ಲಿ ನೂರು ಹೆಜ್ಜೆ ನಡೆದು ನೋಡಿರಿ, ಅನಂತರ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ.